ಹೋದ ವರ್ಷ ಹೇಳಿದ್ದು ಹೋದ ವರ್ಷಕ್ಕೆ

ಶಾಲೆಯಲ್ಲಿ ಕಲಿಸುವ ವಿಷಯಗಳಲ್ಲಿ ಕೊಟ್ಟ ಮಾತಿಗೆ ತಪ್ಪುವುದರಲ್ಲಿ ಗಣಿತವನ್ನು ಮೀರಿಸಿದ್ದು ಇನ್ನೊಂದಿಲ್ಲ. ಇತಿಹಾಸ ಹಾಗಲ್ಲ. ಪ್ರೈಮರಿಯಲ್ಲಿ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ್ದರೆ ಪಿಯುಸಿಯಲ್ಲೂ ಸೋಲಿಸಿಯೇ ಇರುತ್ತಾನೆ. ನಡುವೆ ಯಾವ ಮೇಷ್ಟ್ರೂ ಬಂದು ‘ಅದು ಚಿಕ್ಕ ಮಕ್ಕಳಿಗೆ ಹೇಳಿದ್ದು ಕಣ್ರೋ, ನಿಜವಾಗಿ ಗೆದ್ದವನು ಹರ್ಷ’ ಅನ್ನುವುದಿಲ್ಲ. ಭೂಗೋಳವೂ ಮರ್ಯಾದಸ್ಥ ವಿಷಯ. ಕಾವೇರಿ ಹುಟ್ಟುವ ಜಾಗ ಒಂದು ತರಗತಿ ಪಾಸಾದ ಮಾತ್ರಕ್ಕೆ ಬದಲಾಗದು. ಗಣಿತದಲ್ಲಿ ಮಾತ್ರ ಪ್ರತಿ ಜೂನ್ ತಿಂಗಳು ಹೊಸ ಮೇಷ್ಟ್ರು ಬಂದು, ಹಳೆಯ ಮೇಷ್ಟ್ರು ಬೆತ್ತ ತೋರಿಸಿ ಕಲಿಸಿದ ಯಾವುದೋ ಒಂದು ‘ಆಗೋದೇ ಇಲ್ಲ’ವನ್ನು ‘ಆಗುತ್ತೆ’ ಮಾಡಿಬಿಡುತ್ತಾರೆ.

ಎರಡನೇ ತರಗತಿಯಲ್ಲಿ ‘ಮೂರರಲ್ಲಿ ಐದು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಕಿವಿ ಹಿಂಡಿ ಹೇಳಿಕೊಡುತ್ತಾರೆ. ಮಗು ನಂಬುತ್ತದೆ. ನಾಲ್ಕು ವರ್ಷ ಪಕ್ಕದ ಮನೆಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುತ್ತದೆ. ಆರನೇ ತರಗತಿಯಲ್ಲಿ ಪೂರ್ಣಾಂಕಗಳ ಪಾಠ ಬಂದ ದಿನ ಮೂರರಲ್ಲಿ ಐದು ಸಲೀಸಾಗಿ ಹೋಗುತ್ತದೆ, ಮೈನಸ್ ಎರಡು ಉಳಿಯುತ್ತದೆ. ಏಳನ್ನು ಎರಡರಿಂದ ಭಾಗಿಸಿದರೆ ಶೇಷ ಒಂದು ಎಂದು ಬರೆದು ಗುಡ್ ಹಾಕಿಸಿಕೊಂಡವನು ಇನ್ನೆರಡು ವರ್ಷ ಬಿಟ್ಟು ಅದನ್ನೇ ಬರೆದರೆ ಕೆಂಪು ಗೆರೆ. ಈಗ ಮೂರೂವರೆ ಅನ್ನಬೇಕು. ಎಲ್ಲ ಸಂಖ್ಯೆಯನ್ನೂ ಭಿನ್ನರಾಶಿಯಾಗಿ ಬರೆಯಬಹುದು ಎಂದು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ಒಂಬತ್ತನೇ ತರಗತಿ ಬಂದು, ಬರೆಯಲಾಗದ ಸಂಖ್ಯೆಗಳೂ ಇವೆ, ಲೆಕ್ಕವಿಲ್ಲದಷ್ಟಿವೆ ಅನ್ನುತ್ತದೆ. ಅಲ್ಲಿಯವರೆಗೆ ಅವು ಎಲ್ಲಿದ್ದವು ಎಂದು ಕೇಳುವ ಧೈರ್ಯ ಯಾವ ಮಗುವಿಗಿದೆ?

ನಾನು ಗಣಿತದ ಮನುಷ್ಯನಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಸವೆಸಿ, ಈಗ ತುಮಕೂರಿನಲ್ಲಿ ಪಿಂಚಣಿ ಎಣಿಸುತ್ತ ಕೂತವನು. ಬ್ಯಾಂಕಿನಲ್ಲಿದ್ದವನಿಗೆ ಲೆಕ್ಕ ಬಂದೇ ಬರುತ್ತದೆ ಎಂಬುದು ನಮ್ಮ ಬೀದಿಯ ತೀರ್ಮಾನ. ಕಂಪ್ಯೂಟರ್ ಬಂದಮೇಲೆ ಬ್ಯಾಂಕಿನಲ್ಲಿ ಕೈಯಿಂದ ಲೆಕ್ಕ ಮಾಡಿದವರು ಯಾರೂ ಇಲ್ಲ ಎಂಬ ಸತ್ಯವನ್ನು ನಾನಾಗಿ ಬಾಯಿಬಿಟ್ಟಿಲ್ಲ. ಬಿಟ್ಟರೆ ಸಂಜೆ ಪುಸ್ತಕ ಹಿಡಿದು ಬರುವ ಮಕ್ಕಳು ನಿಲ್ಲುತ್ತಾರೆ, ಅವರ ಕೈಲಿ ಅಮ್ಮಂದಿರು ಕಳಿಸುವ ಚಕ್ಕುಲಿಯೂ ನಿಲ್ಲುತ್ತದೆ. ಹೀಗಾಗಿ ಆರನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಗಣಿತವನ್ನು ನಾನು ಎರಡನೇ ಸಲ ಓದುತ್ತಿದ್ದೇನೆ. ಮೊದಲ ಸಲ ಓದುವಾಗ ಕಾಣದಿದ್ದ ಗಣಿತದ ಈ ಮಾತು ತಪ್ಪುವ ಚಾಳಿ ಈಗ ಎದ್ದು ಕಾಣುತ್ತದೆ.

ನಮ್ಮ ತಾತನ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಅವರ ಗಣಿತ ಮಗ್ಗಿಯಲ್ಲಿ ಶುರುವಾಗಿ ಮಗ್ಗಿಯಲ್ಲೇ ಮುಗಿಯುತ್ತಿತ್ತು. ಕಾಲಿನ ಮಗ್ಗಿ, ಅರೆ ಮಗ್ಗಿ, ಮುಕ್ಕಾಲಿನ ಮಗ್ಗಿ, ಒಂದೂವರೆ ಮಗ್ಗಿ. ಸಂತೆಯಲ್ಲಿ ಮುಕ್ಕಾಲಾಣೆಯಂತೆ ಹದಿಮೂರು ತೆಂಗಿನಕಾಯಿ ಎಂದರೆ ಬಾಯಿಂದ ಉತ್ತರ ಉದುರುತ್ತಿತ್ತು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಅಂದರೆ ರೂಪಾಯಿಗೆ 192 ಪೈ. ಇಷ್ಟನ್ನು ತಲೆಯಲ್ಲಿ ಕಟ್ಟಿಕೊಂಡು ಬದುಕಿದವರಿಗೆ ಭಿನ್ನರಾಶಿಯೆಂಬುದು ಹೆದರುವ ವಸ್ತುವಾಗಿರಲಿಲ್ಲ. 1957ರ ಏಪ್ರಿಲ್ 1ರಂದು ಸರ್ಕಾರ ರೂಪಾಯಿಗೆ ನೂರು ನಯಾಪೈಸೆ ಎಂದದ್ದೇ ಮುಕ್ಕಾಲಿನ ಮಗ್ಗಿ ಕೆಲಸ ಕಳೆದುಕೊಂಡಿತು. ಏಪ್ರಿಲ್ ಒಂದನೇ ತಾರೀಕಲ್ಲವೇ, ನಮ್ಮ ತಾತ ಕೆಲವು ದಿನ ಅದನ್ನು ತಮಾಷೆಯೆಂದೇ ತಿಳಿದಿದ್ದರಂತೆ.

ಈಗಿನ ಮಕ್ಕಳ ಮೊದಲ ದೊಡ್ಡ ಗಂಡಾಂತರ ಆರನೇ ತರಗತಿಯಲ್ಲಿ ಬರುತ್ತದೆ. ಐದು ವರ್ಷ ಅಂಕಿಗಳೇ ಇದ್ದ ಪುಸ್ತಕದೊಳಗೆ ಅಕ್ಷರ ನುಗ್ಗುತ್ತದೆ. ಎನ್‌ಸಿಇಆರ್‌ಟಿಯವರು ಇದನ್ನು ನಯವಾಗಿ ಮಾಡಲು ಬೆಂಕಿಕಡ್ಡಿ ಹಿಡಿದರು. ಒಂದು ‘ಎಲ್’ ಜೋಡಿಸಲು ಎರಡು ಕಡ್ಡಿ, ಎರಡು ‘ಎಲ್’ಗೆ ನಾಲ್ಕು, ಎನ್ ‘ಎಲ್’ಗಳಿಗೆ ಎರಡು ಎನ್. ಒಳ್ಳೆಯ ಉಪಾಯವೇ. ಮಕ್ಕಳಿಗೆ ಬೆಂಕಿಕಡ್ಡಿ ಕೊಡುವುದು ಯಾವ ತಾಯಿಗೂ ಹಿಡಿಸದು ಎಂಬುದೊಂದನ್ನು ಬಿಟ್ಟರೆ. ಎದುರು ಮನೆಯ ಹುಡುಗಿ ಆ ಪಾಠ ಮುಗಿಸಿ, ಸಮೀಕರಣಕ್ಕೆ ಬಂದು, ಒಂದು ಸಂಜೆ ನನ್ನನ್ನು ಪಾಟೀಸವಾಲಿಗೆ ಗುರಿಮಾಡಿದಳು.

‘ತಾತ, ಎಕ್ಸ್ ಅಂದ್ರೆ ಎಷ್ಟು?’

‘ಅದೇ ಗೊತ್ತಿಲ್ಲ ಮರಿ. ಕಂಡುಹಿಡೀಬೇಕು.’

‘ನಿನ್ನೆ ಕಂಡುಹಿಡಿದ್ವಲ್ಲ, ಐದು ಅಂತ?’

‘ಅದು ನಿನ್ನೆಯ ಲೆಕ್ಕದ್ದು. ಇವತ್ತಿಂದು ಬೇರೆ.’

‘ದಿನಾ ಬದಲಾಗೋದಾದ್ರೆ ಕಂಡುಹಿಡಿದು ಏನು ಪ್ರಯೋಜನ?’

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದ್ದಿದ್ದರೆ ಬ್ಯಾಂಕು ಸೇರುತ್ತಿರಲಿಲ್ಲ. ಆದರೆ ಒಂದು ಮಾತು ಹೊಳೆಯಿತು. ಅವಳ ಟೀಚರು ಅವಳಿಗೆ ಎಕ್ಸನ್ನು ಕೂಡಿಸಲು, ಕಳೆಯಲು, ಆ ಕಡೆಯಿಂದ ಈ ಕಡೆಗೆ ಚಿಹ್ನೆ ಬದಲಿಸಿ ದಾಟಿಸಲು ಕಲಿಸಿದ್ದರು. ಇಲ್ಲಿಂದಾಚೆಗೆ ಲೆಕ್ಕವೆಂದರೆ ಉತ್ತರವೊಂದೇ ಅಲ್ಲ, ಉತ್ತರ ಸಿಗುವ ದಾರಿಯನ್ನೂ ಬರೆದಿಡಬೇಕು, ಹೋದ ವರ್ಷದವರೆಗಿನ ಆಟದ ನಿಯಮ ಈ ವರ್ಷ ಬದಲಾಗಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಬೀಜಗಣಿತದ ಬೆನ್ನಿಗೇ ‘ಹೇಳಿಕೆ ಲೆಕ್ಕ’ಗಳು ಬರುತ್ತವೆ. ಆ ಲೋಕದ ನಿವಾಸಿಗಳನ್ನು ನಾನು ಬಾಲ್ಯದಿಂದ ಬಲ್ಲೆ. ಮಗನ ವಯಸ್ಸಿನ ಮೂರರಷ್ಟು ವಯಸ್ಸಾದ ತಂದೆ, ತನ್ನ ವಯಸ್ಸನ್ನು ನೇರವಾಗಿ ಹೇಳಲು ಅದೇನು ಸಂಕೋಚವೋ. ಗೋಡೆ ಕಟ್ಟುವ ಹತ್ತು ಆಳುಗಳು, ಅವರಲ್ಲಿ ಒಬ್ಬನೂ ಬೀಡಿ ಸೇದಲು ನಿಲ್ಲುವುದಿಲ್ಲ. ಎದುರುಬದುರು ಓಡುವ ಎರಡು ರೈಲು, ಎರಡೂ ಹೇಳಿದ ಸಮಯಕ್ಕೆ ಹೊರಡುತ್ತವೆ. ಎಲ್ಲರಿಗಿಂತ ವಿಚಿತ್ರ ಪ್ರಾಣಿಯೆಂದರೆ ಒಂದು ನಲ್ಲಿಯಿಂದ ನೀರು ತುಂಬುತ್ತ, ಇನ್ನೊಂದು ನಲ್ಲಿಯಿಂದ ಬಿಡುತ್ತ, ತೊಟ್ಟಿ ಯಾವಾಗ ತುಂಬೀತು ಎಂದು ಮಕ್ಕಳನ್ನು ಕೇಳುವ ಯಜಮಾನ. ಕೆಳಗಿನ ನಲ್ಲಿ ನಿಲ್ಲಿಸಯ್ಯಾ ಎಂದು ಯಾವ ಪಠ್ಯಪುಸ್ತಕ ಸಮಿತಿಯೂ ಅವನಿಗೆ ಹೇಳಿಲ್ಲ. 

ಈ ತೊಟ್ಟಿ ಮೊನ್ನೆಮೊನ್ನೆಯದೂ ಅಲ್ಲ. ಎರಡನೇ ಭಾಸ್ಕರಾಚಾರ್ಯ 1150ರ ಹೊತ್ತಿಗೆ ಬರೆದ ‘ಲೀಲಾವತಿ’ಯಲ್ಲೇ ಅದಿದೆ. ನಾಲ್ಕು ನೀರಿನ ಧಾರೆಗಳು. ಒಂದೊಂದೇ ಬಿಟ್ಟರೆ ಕೊಳ ತುಂಬಲು ಒಂದಕ್ಕೆ ಒಂದು ದಿನ, ಇನ್ನೊಂದಕ್ಕೆ ಅರ್ಧ ದಿನ, ಮತ್ತೊಂದಕ್ಕೆ ದಿನದ ಮೂರನೇ ಒಂದು ಪಾಲು, ಕೊನೆಯದಕ್ಕೆ ಆರನೇ ಒಂದು ಪಾಲು. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ ದಿನದ ಹನ್ನೆರಡನೇ ಒಂದು ಪಾಲಿನಲ್ಲಿ, ಅಂದರೆ ಎರಡು ತಾಸಿನಲ್ಲಿ ಕೊಳ ತುಂಬುತ್ತದೆ. ಭಾಸ್ಕರಾಚಾರ್ಯರು ಕೆಳಗಡೆ ತೂತು ಇಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ನೀರು ಪೋಲು ಮಾಡುವ ಚಟ ನಾವು ಆಮೇಲೆ ಕಲಿತದ್ದು.

ಅವರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, 850ರ ಆಸುಪಾಸಿನಲ್ಲಿ, ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲೊಂದು ಮುತ್ತಿನ ಹಾರದ ಲೆಕ್ಕವಿದೆ. ವಸಂತ ಋತುವಿನ ಒಂದು ರಾತ್ರಿ ಗಂಡ ಹೆಂಡಿರ ಪ್ರಣಯ ಕಲಹದಲ್ಲಿ ಹೆಂಡತಿಯ ಹಾರ ಹರಿಯುತ್ತದೆ. ಮೂರನೇ ಒಂದು ಪಾಲು ಮುತ್ತು ದಾಸಿಯ ಬಳಿಗೆ ಹೋಗುತ್ತದೆ, ಆರನೇ ಒಂದು ಪಾಲು ಹಾಸಿಗೆಯ ಮೇಲೆ ಬೀಳುತ್ತದೆ, ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆಲ್ಲುತ್ತದೆ. ಕೊನೆಗೆ ಉಳಿದದ್ದು 1,161 ಮುತ್ತು. ಹಾಗಾದರೆ ಹಾರದಲ್ಲಿದ್ದ ಮುತ್ತೆಷ್ಟು? ಹಿಂದುಮುಂದಾಗಿ ಲೆಕ್ಕ ಹಿಡಿದರೆ 1,48,608. ಇಷ್ಟು ಮುತ್ತು ಹೊತ್ತ ಹೆಂಗಸಿಗೆ ಕಲಹವಾಡುವಷ್ಟು ಕತ್ತು ಹೇಗೆ ಉಳಿದಿತ್ತು ಎಂದು ನನ್ನ ಹೆಂಡತಿ ಕೇಳಿದಳು. ನನಗೆ ಆಶ್ಚರ್ಯ ಬೇರೆ. ಆ ದಾಸಿ ಆ ಹೊತ್ತಿನಲ್ಲಿ ಅಲ್ಲೇನು ಮಾಡುತ್ತಿದ್ದಳು? 

ಆದರೂ ಈ ಲೆಕ್ಕ ಮಾಡಲು ಕೈ ತುರಿಸುತ್ತದೆಯೇ ಇಲ್ಲವೇ ಹೇಳಿ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದ. ಗಣಿತವನ್ನು ರುಚಿಯಾಗಿ ಉಣಬಡಿಸುವ ಕಲೆ ಈ ನೆಲಕ್ಕೆ ಹೊಸದಲ್ಲ. ಈಗಿನ ಪುಸ್ತಕದಲ್ಲಿ ಹಾರ ಹರಿಯುವುದಿಲ್ಲ. ‘ಒಂದು ಸಂಖ್ಯೆಯ ಮೂರನೇ ಒಂದು ಭಾಗ’ ಎಂದು ಸುಮ್ಮನೆ ಶುರುವಾಗುತ್ತದೆ. ಪ್ರಣಯ ಕಲಹ ಬೇಡ, ಒಪ್ಪೋಣ. ಒಂದು ಸಣ್ಣ ಜಗಳವಾದರೂ ಇರಬಾರದೇ?

ಏಳನೇ ತರಗತಿಗೆ ಬಂದರೆ ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್. ಇದನ್ನು ನಂಬದವರ ಪಟ್ಟಿಯಲ್ಲಿ ದೊಡ್ಡವರೇ ಇದ್ದಾರೆ. ಫ್ರೆಂಚ್ ಕಾದಂಬರಿಕಾರ ಸ್ತಾಂಧಾಲ್ ತನ್ನ ಆತ್ಮಕಥೆಯಲ್ಲಿ ಈ ನಿಯಮ ತನ್ನನ್ನು ಹುಡುಗನಾಗಿದ್ದಾಗ ಎಷ್ಟು ಕಾಡಿತ್ತೆಂದು ತೋಡಿಕೊಂಡಿದ್ದಾನೆ. ಋಣವೆಂದರೆ ಸಾಲ ಎಂದು ತಿಳಿದರೆ, ಹತ್ತು ಸಾವಿರ ಫ್ರಾಂಕಿನ ಸಾಲವನ್ನು ಐನೂರು ಫ್ರಾಂಕಿನ ಸಾಲದಿಂದ ಗುಣಿಸಿದ ಮನುಷ್ಯ ಐವತ್ತು ಲಕ್ಷದ ಒಡೆಯ ಹೇಗಾದಾನು ಎಂಬುದು ಅವನ ತಕರಾರು. ಅವನ ಮೇಷ್ಟ್ರುಗಳು ಹಾರಿಕೆಯ ಉತ್ತರ ಕೊಟ್ಟರು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಧನ, ಋಣ, ಸೊನ್ನೆಗಳನ್ನು ಕೂಡಿ ಕಳೆದು ಗುಣಿಸುವ ನಿಯಮಗಳನ್ನು ಬರೆದಿಟ್ಟಿದ್ದ, ಎರಡು ಋಣಗಳ ಗುಣಲಬ್ಧ ಧನವೆಂದೂ ಹೇಳಿದ್ದ. ಆದರೆ ನಿಯಮ ಬರೆದಿಟ್ಟರೆ ಹುಡುಗನ ಸಂಶಯ ಹೋಗುತ್ತದೆಯೇ?

ಇಲ್ಲಿ ನನ್ನ ಬ್ಯಾಂಕಿನ ನೌಕರಿ ಒಂದೇ ಒಂದು ಸಲ ಉಪಯೋಗಕ್ಕೆ ಬಂತು. ಸಾಲವನ್ನು ಸಾಲದಿಂದ ಗುಣಿಸುವವರು ಲೋಕದಲ್ಲಿ ಯಾರೂ ಇಲ್ಲ, ಸ್ತಾಂಧಾಲ್ ಹೇಳಿದ್ದು ಸರಿ. ಆದರೆ ಸಾಲ ಮನ್ನಾ ಇದೆಯಲ್ಲ! ಒಬ್ಬ ರೈತನಿಗೆ ತಲಾ ಇನ್ನೂರು ರೂಪಾಯಿಯ ಕಂತುಗಳು ಬಾಕಿ ಇವೆ. ಕಂತೆಂದರೆ ಮೈನಸ್ ಇನ್ನೂರು. ಸರ್ಕಾರ ಅಂಥ ಮೂರು ಕಂತನ್ನು ತೆಗೆದುಹಾಕಿತು. ತೆಗೆದುಹಾಕಿದ್ದು ಮೈನಸ್ ಮೂರು. ರೈತನ ಸ್ಥಿತಿ ಆರುನೂರು ರೂಪಾಯಿಯಷ್ಟು ಸುಧಾರಿಸಿತು. ‘ಹಾಗಾದ್ರೆ ಬ್ಯಾಂಕಿಗೆ?’ ಎಂದಳು ಹುಡುಗಿ. ಬ್ಯಾಂಕಿಗೆ ಪ್ಲಸ್ ಇದ್ದದ್ದು ಹೋಯಿತು, ಆದ್ದರಿಂದ ಮೈನಸ್ ಎಂದೆ. ಕರ್ನಾಟಕದಲ್ಲಿ ಹುಟ್ಟಿದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಉದಾಹರಣೆ ಇರಲಾರದು, ಪ್ರತಿ ಚುನಾವಣೆಯಲ್ಲೂ ಪಾಠ ಪುನರಾವರ್ತನೆಯಾಗುತ್ತದೆ.

ಎಂಟನೇ ತರಗತಿಯೆಂದರೆ ನಮ್ಮಲ್ಲಿ ಹೈಸ್ಕೂಲು. ಬಹಳ ಮಕ್ಕಳಿಗೆ ಊರೇ ಬದಲು, ಬಸ್ ಪಾಸು, ಹೊಸ ಯೂನಿಫಾರಂ, ಗಣಿತಕ್ಕೇ ಬೇರೆ ಮೇಷ್ಟ್ರು. ಜೊತೆಗೊಂದು ಜಾಮಿಟ್ರಿ ಬಾಕ್ಸು. ಅದರೊಳಗಿನ ಕೈವಾರ ಒಂದಿಷ್ಟು ದುಡಿಯುತ್ತದೆ, ಕೋನಮಾಪಕ ಅದಕ್ಕಿಂತ ಕಡಿಮೆ, ವಿಭಾಜಕ ಬೆಂಚಿನ ಮೇಲೆ ಹೆಸರು ಕೆತ್ತಲು ಮೀಸಲು. ಎರಡು ಮೂಲೆಮಟ್ಟಗಳು ಮಾತ್ರ ಕೊಂಡ ದಿನ ಹೇಗಿದ್ದವೋ ಎಸ್‌ಎಸ್‌ಎಲ್‌ಸಿ ಮುಗಿದ ದಿನವೂ ಹಾಗೇ ಇರುತ್ತವೆ. ಅವುಗಳಿಂದ ಸಮಾಂತರ ರೇಖೆ ಎಳೆಯಬಹುದು ಎಂಬುದು ಗೊತ್ತಾಗುವಷ್ಟರಲ್ಲಿ ಪೆಟ್ಟಿಗೆ ತಂಗಿಯ ಪಾಲಾಗಿರುತ್ತದೆ.

ಪೆಟ್ಟಿಗೆಯ ಹಿಂದೆಯೇ ಪ್ರಮೇಯ ಬರುತ್ತದೆ. ದತ್ತ, ಸಾಧನೀಯ, ರಚನೆ, ಸಾಧನೆ. ಎರಡು ಬಾಹುಗಳು ಸಮವಾಗಿರುವ ತ್ರಿಭುಜದಲ್ಲಿ ಅವುಗಳ ಎದುರಿನ ಕೋನಗಳೂ ಸಮ ಎಂದು ಒಂಬತ್ತನೇ ತರಗತಿಯಲ್ಲಿ ಸಾಧಿಸಬೇಕು. ಮಗು ಚಿತ್ರ ನೋಡುತ್ತದೆ, ಕಣ್ಣಿಗೇ ಸಮ ಕಾಣುತ್ತಿದೆ, ಇನ್ನು ಸಾಧಿಸುವುದೇನು? ಈ ಪ್ರಶ್ನೆಗೂ ಎರಡು ಸಾವಿರ ವರ್ಷ ಮೀರಿದ ವಯಸ್ಸಿದೆ. ಯೂಕ್ಲಿಡ್ಡನ ಮೊದಲ ಪುಸ್ತಕದ ಐದನೇ ಪ್ರಮೇಯ ಅದು. ಯುರೋಪಿನ ಹಳೆಯ ಶಾಲೆಗಳಲ್ಲಿ ಅದಕ್ಕೆ ‘ಕತ್ತೆಗಳ ಸೇತುವೆ’ ಎಂದು ಹೆಸರಿತ್ತು. ದಡ್ಡರು ಅಲ್ಲಿಂದ ಮುಂದೆ ದಾಟುತ್ತಿರಲಿಲ್ಲವಂತೆ. ನಮ್ಮ ಮಕ್ಕಳು ಕತ್ತೆಗಳಿಗಿಂತ ಜಾಣರು. ಸೇತುವೆ ದಾಟುವುದಿಲ್ಲ, ಸೇತುವೆಯನ್ನೇ ಬಾಯಿಪಾಠ ಮಾಡುತ್ತಾರೆ. ನಮ್ಮ ಕಾಲದಲ್ಲೂ ಥೇಲ್ಸನ ಪ್ರಮೇಯ, ಪೈಥಾಗೊರಸನ ಪ್ರಮೇಯ ಎರಡನ್ನು ಉರುಹೊಡೆದರೆ ಇಷ್ಟು ಅಂಕ ಗ್ಯಾರಂಟಿ ಎಂಬ ನಂಬಿಕೆಯಿತ್ತು. ಪ್ರಶ್ನೆಪತ್ರಿಕೆ ತೆಗೆಯುವವರು ಎಬಿಸಿ ತ್ರಿಭುಜವನ್ನು ಪಿಕ್ಯೂಆರ್ ತ್ರಿಭುಜ ಮಾಡಿದ ವರ್ಷ ಅರ್ಧ ಹಾಲ್ ಬೆವರುತ್ತಿತ್ತು. 

ಇಲ್ಲಿ ನನ್ನದೊಂದು ದೂರಿದೆ. ಪ್ರಮೇಯ ಶುರುವಾಗುವ ಜಾಗದಲ್ಲಿ ಗಣಿತದ ಸ್ವಭಾವವೇ ಬದಲಾಗುತ್ತದೆ. ಏಳನೇ ತರಗತಿಯವರೆಗೆ ಕೋನವನ್ನು ಅಳೆದು 60 ಎಂದು ಬರೆದರೆ ಸರಿ. ಒಂಬತ್ತರಲ್ಲಿ ಅಳೆದು ಬರೆದರೆ ತಪ್ಪು, ಅಳೆಯದೆ ಹೇಳಬೇಕು. ಅಳತೆ ಸಾಕಾಗದು, ಕಾರಣ ಬೇಕು. ಇಷ್ಟು ದೊಡ್ಡ ತಿರುವಿಗೆ ನಮ್ಮ ಶಾಲೆಗಳು ಒಂದು ಪಿರಿಯಡ್ಡನ್ನೂ ಕೊಡುವುದಿಲ್ಲ. ಸಿಲಬಸ್ ಮುಗಿಸುವ ಆತುರದಲ್ಲಿ ‘ದತ್ತ ಅಂತ ಬರ್ಕೊಳ್ಳಿ’ ಎಂಬಲ್ಲಿಗೆ ಮೀಮಾಂಸೆ ಮುಗಿಯುತ್ತದೆ.

ಪೈ ಕತೆ ಇನ್ನೂ ಮೋಜಿನದು. ಏಳನೇ ತರಗತಿಯಿಂದ ಮಗುವಿಗೆ ಪೈ ಎಂದರೆ 22/7. ವೃತ್ತದ ಸುತ್ತಳತೆಗೆ ಅದು, ವಿಸ್ತೀರ್ಣಕ್ಕೆ ಅದು. ಕೆಳಗಿನ ಏಳರ ಜೊತೆ ಸಲೀಸಾಗಿ ಹೊಡೆದುಹೋಗುವ ತ್ರಿಜ್ಯಗಳನ್ನೇ ಪುಸ್ತಕದವರು ಹುಡುಕಿ ಕೊಟ್ಟಿರುತ್ತಾರೆ. ಏಳು, ಹದಿನಾಲ್ಕು, ಇಪ್ಪತ್ತೊಂದು, ಮೂರೂವರೆ. ಈ ದೇಶದಲ್ಲಿ ಹತ್ತು ಸೆಂಟಿಮೀಟರ್ ತ್ರಿಜ್ಯದ ತಟ್ಟೆ ಯಾರ ಮನೆಯಲ್ಲೂ ಇಲ್ಲವೇನೋ ಅನಿಸುವಷ್ಟು. ಒಂಬತ್ತರಲ್ಲಿ ವಾಸ್ತವ ಸಂಖ್ಯೆಗಳ ಪಾಠ ಬಂದು, ಪೈ ಅಭಾಗಲಬ್ಧ, ಯಾವ ಭಿನ್ನರಾಶಿಗೂ ಸಮನಲ್ಲ ಎನ್ನುತ್ತದೆ. ಸರಿ, 22/7 ಹೋಯಿತು ಎಂದುಕೊಂಡು ಹತ್ತಕ್ಕೆ ಹೋದರೆ ಪ್ರಶ್ನೆಪತ್ರಿಕೆಯಲ್ಲಿ ‘ಪೈ = 22/7 ಎಂದು ತೆಗೆದುಕೊಳ್ಳಿ’. ಎದುರು ಮನೆಯ ಹುಡುಗಿಯ ಅಣ್ಣ ಈ ಬಗ್ಗೆ ತನ್ನ ಮೇಷ್ಟ್ರನ್ನೇ ಕೇಳಿದನಂತೆ. ‘ತೆಗೆದುಕೊಳ್ಳಿ ಅಂದಿದ್ದಾರೆ, ನಂಬಿ ಅಂದಿಲ್ಲ’ ಎಂದರಂತೆ ಅವರು. ಆ ಮೇಷ್ಟ್ರನ್ನು ಒಂದು ಸಲ ಕಾಫಿಗೆ ಕರೆಯಬೇಕೆಂದಿದ್ದೇನೆ.

ಹತ್ತನೇ ತರಗತಿಯ ಪುಸ್ತಕದಲ್ಲಿ ಒಂದು ಅಧ್ಯಾಯದ ಹೆಸರು ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು’. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲೆಕ್ಕವೇ ಮುಗಿಯುತ್ತದೆ; ಒಂದು ಪೆನ್ನು, ಎರಡು ಪೆನ್ಸಿಲ್ಲಿನ ಬೆಲೆ ಕಂಡುಹಿಡಿಯುವ ವ್ಯವಹಾರ ಅದು, ಅಂಗಡಿಯವನನ್ನು ಕೇಳಿದ್ದರೆ ಆಗುತ್ತಿತ್ತು. ಸಮಾಂತರ ಶ್ರೇಢಿ ಒಳ್ಳೆಯವನು, ಯಾರಿಗೂ ತೊಂದರೆ ಕೊಟ್ಟಿಲ್ಲ. ಸಂಖ್ಯಾಶಾಸ್ತ್ರ ಅಂಕ ಹಂಚುವ ಪುಣ್ಯಾತ್ಮ.

ತ್ರಿಕೋನಮಿತಿಯ ಲೋಕದಲ್ಲಿ ಎಲ್ಲೆಲ್ಲೂ ಗೋಪುರಗಳು, ಪ್ರತಿ ಗೋಪುರದ ಮುಂದೆಯೂ ಒಬ್ಬ 1.5 ಮೀಟರ್ ಎತ್ತರದ ಹುಡುಗ. ಅವನು ತಲೆಯೆತ್ತಿದರೆ ಉನ್ನತ ಕೋನ ಸರಿಯಾಗಿ 30, 45 ಅಥವಾ 60 ಡಿಗ್ರಿ. 37 ಡಿಗ್ರಿಯಲ್ಲಿ ನೋಡುವ ಅನುಮತಿ ಅವನಿಗಿಲ್ಲ. ಗೋಪುರದ ಎತ್ತರ ಗೊತ್ತಾಗಿ ಇವನಿಗೇನಾಗಬೇಕು ಎಂದು ಕೇಳುವವರಿಗೆ ನಾನು ಬೆಂಗಳೂರಿನ ಕತೆ ಹೇಳುತ್ತೇನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಒಂದು ಆಧಾರರೇಖೆ ಅಳೆದ. ಒಂದು ಬಾಹು ಗೊತ್ತಿದ್ದು, ಎರಡು ಕೋನ ಅಳೆದರೆ ತ್ರಿಭುಜ ಪೂರ್ತಿ ಕೈಗೆ ಸಿಗುತ್ತದೆ. ಅದರ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. 1802ರಲ್ಲಿ ಮದ್ರಾಸಿನ ಬಳಿ ಇನ್ನೊಂದು ಆಧಾರರೇಖೆ ಹಾಕಿ ಅವನು ತ್ರಿಭುಜಗಳನ್ನು ಹೆಣೆಯುತ್ತ ಹೋದ. ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಅರ್ಧ ಟನ್ ತೂಕದ ಥಿಯೊಡಲೈಟ್ ಎಳೆಸುವಾಗ ಹಗ್ಗ ಕಿತ್ತು ಯಂತ್ರ ಗೋಡೆಗೆ ಬಡಿಯಿತು. ಕೂತು ರಿಪೇರಿ ಮಾಡಿಕೊಂಡ. ಅವನ ನಂತರದವರು ಅದೇ ವಿದ್ಯೆಯಿಂದ ಹಿಮಾಲಯದವರೆಗೆ ಹೋಗಿ, ಹತ್ತಿರಕ್ಕೂ ಸುಳಿಯದೆ ಎವರೆಸ್ಟಿನ ಎತ್ತರವನ್ನು 29,002 ಅಡಿ ಎಂದು 1856ರಲ್ಲಿ ಸಾರಿದರು. ಈಗಿನ ಅಳತೆಗೂ ಅದಕ್ಕೂ ಮೂವತ್ತಡಿಯಷ್ಟು ವ್ಯತ್ಯಾಸ. ಆ 1.5 ಮೀಟರಿನ ಹುಡುಗನನ್ನು ಅಷ್ಟು ಹಗುರವಾಗಿ ನೋಡಬಾರದು.

ವರ್ಗ ಸಮೀಕರಣದ ಕೊನೆಗೆ ಮತ್ತೆ ಒಂದು ಆಣೆಪ್ರಮಾಣ ನಡೆಯುತ್ತದೆ. ಶೋಧಕ ಸೊನ್ನೆಗಿಂತ ಕಡಿಮೆ ಬಂದರೆ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಅಡಿಗೆರೆ ಎಳೆಯಬೇಕು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯನೂ ಹೇಳಿದ್ದಾನೆ. ಎಸ್‌ಎಸ್‌ಎಲ್‌ಸಿ ಹುಡುಗ ಈ ವಿಷಯದಲ್ಲಿ ರಾಷ್ಟ್ರಕೂಟರ ಕಡೆ. ಆದರೆ ‘ವಾಸ್ತವ’ ಎಂಬ ವಿಶೇಷಣ ಅಲ್ಲೇಕೆ ಇದೆ ಎಂದು ಹುಡುಗ ಯೋಚಿಸಿರುವುದಿಲ್ಲ. ಪಿಯುಸಿ ಮೊದಲ ವರ್ಷದಲ್ಲಿ ಸಂಕೀರ್ಣ ಸಂಖ್ಯೆಗಳು ಬಂದಾಗ ಗೊತ್ತಾಗುತ್ತದೆ, ಅದು ವಕೀಲರು ಕರಾರುಪತ್ರದಲ್ಲಿ ಬಿಟ್ಟಿಡುವಂಥ ಸಂದು. ಲಂಬಕೋನ ತ್ರಿಭುಜದೊಳಗೆ ಮಾತ್ರ ಬದುಕುತ್ತಿದ್ದ ಸೈನ್ ಕೂಡ ಅದೇ ವರ್ಷ 120 ಡಿಗ್ರಿಗೂ 300 ಡಿಗ್ರಿಗೂ ಹೊರಡುತ್ತದೆ.

ಆ ಹೊತ್ತಿಗೆ ಅರ್ಧ ಜನ ಗಣಿತದ ಸಹವಾಸ ಬಿಟ್ಟಿರುತ್ತಾರೆ. ನಮ್ಮ ದೊಡ್ಡಪ್ಪನ ಕಾಲದಲ್ಲಿ ಹೈಸ್ಕೂಲಿನಲ್ಲೇ ‘ಆಪ್ಷನಲ್ ಮ್ಯಾಥ್ಸ್’ ತೆಗೆದುಕೊಂಡವರು ಒಂದು ಜಾತಿ, ಬಿಟ್ಟವರು ಇನ್ನೊಂದು. ಈಗ ಆ ಗೆರೆ ಪಿಯುಸಿಗೆ ಸರಿದಿದೆ. ಪಿಸಿಎಂಬಿ, ಪಿಸಿಎಂಸಿ ಎಂಬ ಮಂತ್ರಾಕ್ಷರಗಳಿಂದ ಮದುವೆ ಮನೆಗಳಲ್ಲಿ ಮಕ್ಕಳ ಜಾತಕ ಕೇಳುತ್ತಾರೆ. ಸಿಬಿಎಸ್‌ಇಯವರು 2020ರ ಹತ್ತನೇ ತರಗತಿ ಪರೀಕ್ಷೆಯಿಂದ ‘ಸ್ಟ್ಯಾಂಡರ್ಡ್’, ‘ಬೇಸಿಕ್’ ಎಂದು ಎರಡು ಪ್ರಶ್ನೆಪತ್ರಿಕೆ ಮಾಡಿದ್ದಾರೆ. ಪಾಠ ಒಂದೇ, ಪರೀಕ್ಷೆ ಎರಡು. ಇದು ನನಗೆ ಸರಿಯೆನಿಸುತ್ತದೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕದ ಒಂದೇ ಪತ್ರಿಕೆ, 20 ಆಂತರಿಕ ಅಂಕ. ಐಐಟಿಗೆ ಹೋಗುವವನೂ ಅಪ್ಪನ ಬೇಕರಿ ನೋಡಿಕೊಳ್ಳುವವನೂ ಅದೇ ಗೋಪುರ ಅಳೆಯಬೇಕು.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಿಗೆ ಇನ್ನೊಂದು ಥರದ ಸಂಕಟ. ಅಲ್ಲಿ ನಮ್ಮಂತೆ ಎಲ್ಲವನ್ನೂ ವರ್ಷವರ್ಷ ಸ್ವಲ್ಪಸ್ವಲ್ಪ ಬಡಿಸುವುದಿಲ್ಲ. ಒಂದು ವರ್ಷ ಪೂರ್ತಿ ಆಲ್ಜೀಬ್ರಾ ಒನ್, ಮರುವರ್ಷ ಬರೀ ಜಾಮಿಟ್ರಿ, ಆಮೇಲೆ ಆಲ್ಜೀಬ್ರಾ ಟೂ, ಪ್ರಿಕ್ಯಾಲ್ಕುಲಸ್. ಹನ್ನೆರಡರಲ್ಲಿ ಕ್ಯಾಲ್ಕುಲಸ್ ಸಿಗಬೇಕೆಂದರೆ ಎಂಟರಲ್ಲೇ ಆಲ್ಜೀಬ್ರಾ ಮುಗಿಸಿರಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಗಳು 2014ರಲ್ಲಿ ಎಂಟನೇ ತರಗತಿಯ ಆಲ್ಜೀಬ್ರಾ ತೆಗೆದುಹಾಕಿದವು, ಎಲ್ಲ ಮಕ್ಕಳೂ ಒಟ್ಟಿಗೆ ಸಾಗಲಿ ಎಂಬ ಉದ್ದೇಶದಿಂದ. ಪಾಲಕರು ವರ್ಷಗಟ್ಟಲೆ ಜಗಳವಾಡಿದರು. ಕೊನೆಗೆ 2024ರ ಮಾರ್ಚ್‌ನಲ್ಲಿ ಊರಿನ ಮತದಾರರು ವೋಟು ಹಾಕಿ, ಅದನ್ನು ವಾಪಸ್ ತನ್ನಿ ಎಂದು ಕೇಳಿದರು. ಬೀಜಗಣಿತ ಬೇಕೆಂದು ಜನ ಕ್ಯೂ ನಿಂತು ವೋಟು ಹಾಕುತ್ತಾರೆಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಆ ಕಡೆ ಇರುವ ನನ್ನ ಸೋದರಳಿಯ ಫೋನಿನಲ್ಲಿ ಮಗಳ ಆಲ್ಜೀಬ್ರಾ ಬಗ್ಗೆ ಮಾತಾಡುವ ಧಾಟಿ ನೋಡಿದರೆ ನಾಮಕರಣಕ್ಕೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಎಂಟರಲ್ಲೋ ಒಂಬತ್ತರಲ್ಲೋ ಎಂಬ ಜಗಳ ದೊಡ್ಡದೇ. ಆದರೆ ನನ್ನ ಜಗಲಿಯ ಮೇಲೆ ಕಾಣುವ ತೊಂದರೆ ಬೇರೆ. ಬೇರೆ ವಿಷಯದಲ್ಲಿ ಒಂದು ಪಾಠ ತಪ್ಪಿದರೆ ಒಂದು ಪಾಠ ಮಾತ್ರ ತಪ್ಪುತ್ತದೆ. ಜ್ವರ ಬಂದು ಹೊಯ್ಸಳರು ಕೈಬಿಟ್ಟರೂ ವಿಜಯನಗರಕ್ಕೆ ಧಕ್ಕೆಯಿಲ್ಲ. ಗಣಿತ ಟೀವಿ ಧಾರಾವಾಹಿಯಂತಾದರೂ ಇದ್ದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳು ಬಿಟ್ಟು ನೋಡಿದರೂ ಅತ್ತೆ ಅದೇ ಸೋಫಾದ ಮೇಲೆ ಕೂತಿರುತ್ತಾಳೆ. ಗಣಿತದಲ್ಲಿ ಐದನೇ ತರಗತಿಯ ಭಿನ್ನರಾಶಿ ಜಾರಿದರೆ ಆರರ ಅನುಪಾತ ಜಾರುತ್ತದೆ, ಅನುಪಾತವಿಲ್ಲದೆ ಹತ್ತರ ಸಮರೂಪ ತ್ರಿಭುಜವಿಲ್ಲ, ಅದಿಲ್ಲದೆ ತ್ರಿಕೋನಮಿತಿಯಿಲ್ಲ. ನಮ್ಮಲ್ಲಿ ಎಂಟರವರೆಗೆ ಮಕ್ಕಳು ಹೇಗೋ ಮುಂದೆ ಸರಿಯುತ್ತಾರೆ. ಬಿದ್ದದ್ದು ಐದರಲ್ಲಿ, ನೋವು ಕಾಣುವುದು ಹತ್ತರಲ್ಲಿ.

ಮೊನ್ನೆ ಎದುರು ಮನೆಯ ಹುಡುಗನಿಗೆ ತ್ರಿಕೋನಮಿತಿ ಬರುತ್ತಿಲ್ಲವೆಂದು ಅವರಮ್ಮ ಕಳಿಸಿದರು. ನೋಡಿದೆ. ಚಿತ್ರ ಬರೆದಿದ್ದ, ಕೋನ ಗುರುತಿಸಿದ್ದ, ಟ್ಯಾನ್ 30 ಎಂದರೆ ಒಂದರ ಕೆಳಗೆ ರೂಟ್ ಮೂರು ಎಂದೂ ಸರಿಯಾಗಿ ಬರೆದಿದ್ದ. ಮೂವತ್ತರ ಕೆಳಗೆ ರೂಟ್ ಮೂರು ಎಂಬಲ್ಲಿಗೆ ಬಂದು ಪೆನ್ನು ನಿಂತಿತ್ತು. ಮೇಲೆ ಕೆಳಗೆ ರೂಟ್ ಮೂರರಿಂದ ಗುಣಿಸಿದರೆ ಹತ್ತು ರೂಟ್ ಮೂರು. ಅದು ಒಂಬತ್ತನೇ ತರಗತಿಯ ಪಾಠ. ಮೇಲೆ ಕೆಳಗೆ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬೆಲೆ ಯಾಕೆ ಬದಲಾಗದು ಎಂದು ಕೇಳಿದೆ, ಅದು ಐದರದು. ಅವನಿಗೆ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ತ್ರಿಕೋನಮಿತಿ ಅವನಿಗೆ ಪೂರ್ತಿ ಬರುತ್ತಿತ್ತು. ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಸೇರಿಸಿದ ಟ್ಯೂಷನ್ನಿನಲ್ಲಿ ಅವನಿಗೆ ಬರುತ್ತಿದ್ದ ಆ ತ್ರಿಕೋನಮಿತಿಯನ್ನೇ ಮತ್ತೆ ಕಲಿಸುತ್ತಿದ್ದರು. ಆಮೇಲೆ ಅಟ್ಟದಲ್ಲಿ ಹಳೆಯ ಪುಸ್ತಕ ಹುಡುಕಿದರೆ ಒಂದೂ ಇಲ್ಲ. ಪ್ರತಿ ಏಪ್ರಿಲ್ಲಿನಲ್ಲೂ ಕಿಲೋ ಲೆಕ್ಕದಲ್ಲಿ ಹೋಗಿದ್ದವು.

ಆದ್ದರಿಂದ ಮಕ್ಕಳಿರುವ ಮನೆಯವರಲ್ಲಿ ಒಂದು ಕೋರಿಕೆ. ಪರೀಕ್ಷೆ ಮುಗಿದು ಹಳೇ ಪೇಪರಿನವನು ತಕ್ಕಡಿ ಹಿಡಿದು ಬಂದಾಗ ಬೇರೆ ಯಾವ ಪುಸ್ತಕ ಬೇಕಾದರೂ ಹಾಕಿ. ಐದರಿಂದ ಒಂಬತ್ತರವರೆಗಿನ ಗಣಿತ ಪುಸ್ತಕಗಳನ್ನು ಮಾತ್ರ ಹತ್ತನೇ ತರಗತಿ ಮುಗಿಯುವವರೆಗೆ ಇಟ್ಟುಕೊಳ್ಳಿ, ಮಗು ಎಲ್ಲಿ ನಿಂತಿತೋ ಅಲ್ಲಿಂದ ಹಿಂದಕ್ಕೆ ತಿರುವಿಹಾಕಿ. ಈಗಾಗಲೇ ಹಾಕಿಬಿಟ್ಟಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅವು ಪುಕ್ಕಟೆಯಾಗಿ ಸಿಗುತ್ತವೆ.